ಹಾಲುಂಡ ಮೇಲೂ ಅಳುವ ಹಸುಗೂಸು

"ತಾಯಿಗೆ ಹಾಲು ಸಾಲುತ್ತಿಲ್ಲ." ಮಗು ಹುಟ್ಟಿದ ಮನೆಯಲ್ಲಿ ಮೊದಲ ವಾರದೊಳಗೆ ಕೇಳಿಬರುವ ಮಾತುಗಳಲ್ಲಿ ಇದರಷ್ಟು ಸಾಮಾನ್ಯವಾದುದು ಬಹುಶಃ ಇನ್ನೊಂದಿಲ್ಲ. ಮಗು ಅರ್ಧ ಗಂಟೆ ಮೊಲೆಯುಂಡು ಕಣ್ಣು ಮುಚ್ಚುತ್ತದೆ. ತೊಟ್ಟಿಲಲ್ಲಿ ಮಲಗಿಸಿದ ಹತ್ತು ನಿಮಿಷಕ್ಕೆ ಮತ್ತೆ ಎಚ್ಚೆತ್ತು ಬಾಯಿ ಚಪ್ಪರಿಸುತ್ತದೆ, ಮುಷ್ಟಿಯನ್ನು ಚೀಪುತ್ತದೆ, ಅಳುತ್ತದೆ. ಹೊಟ್ಟೆ ತುಂಬಿದ ಮಗು ಹೀಗೇಕೆ ಅಳಬೇಕು ಎಂಬ ಪ್ರಶ್ನೆ ಮನೆಯ ಹಿರಿಯರಲ್ಲಿ ಹುಟ್ಟುತ್ತದೆ. ಉತ್ತರವೂ ಅವರಲ್ಲಿ ಸಿದ್ಧವಾಗಿಯೇ ಇರುತ್ತದೆ. ಆ ಸಂಜೆಯೇ ಔಷಧದ ಅಂಗಡಿಯಿಂದ ಹಾಲಿನ ಪುಡಿಯ ಡಬ್ಬಿಯೊಂದು ಮನೆಗೆ ಬರುತ್ತದೆ.

ಈ ಡಬ್ಬಿ ಕೆಲವು ಮಕ್ಕಳಿಗೆ ನಿಜವಾಗಿಯೂ ಬೇಕಾಗುತ್ತದೆ. ಆದರೆ ಬಹುಪಾಲು ಮಕ್ಕಳಿಗೆ ಅದು ಬೇಕಾಗಿರುವುದಿಲ್ಲ. ಮಾತ್ರವಲ್ಲ, ಬೇಕಾಗಿಲ್ಲದ ಕಡೆ ಅದನ್ನು ಕೊಡತೊಡಗಿದರೆ, ಇಲ್ಲದಿದ್ದ ಹಾಲಿನ ಕೊರತೆಯನ್ನು ಅದೇ ತಂದೊಡ್ಡುತ್ತದೆ. ಇನ್ನೊಂದೆಡೆ, ನಿಜವಾಗಿಯೂ ಹಾಲು ಸಿಗದೆ ಸೊರಗುತ್ತಿರುವ ಮಗುವನ್ನು "ಎಲ್ಲ ಸರಿಹೋಗುತ್ತದೆ" ಎಂದು ಕಾಯುತ್ತ ಕೂರುವುದು ಅಷ್ಟೇ ಅಪಾಯಕರ. ಇವೆರಡನ್ನು ಬೇರ್ಪಡಿಸಿ ತಿಳಿಯುವುದು ಕಷ್ಟವಲ್ಲ. ಅದಕ್ಕೆ ಮಗುವಿನ ಅಳುವನ್ನಲ್ಲದೆ ಬೇರೆ ಕೆಲವು ಗುರುತುಗಳನ್ನು ನೋಡಬೇಕು.

ದೇಶದಲ್ಲಿ 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಶೇ. 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗಿದ್ದವು. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆಗೆ ಸೇರಿದ ಮಕ್ಕಳು ಶೇ. 41.8 ಮಾತ್ರ. ಆರು ತಿಂಗಳೊಳಗಿನ ಮಕ್ಕಳಲ್ಲಿ ಬೇರೇನನ್ನೂ ಕುಡಿಯದೆ ಎದೆಹಾಲನ್ನಷ್ಟೇ ಪಡೆಯುತ್ತಿದ್ದವರು ಶೇ. 63.7. ಹಿಂದಿನ ಸಮೀಕ್ಷೆ ನಡೆದ 2015-16ರಲ್ಲಿ ಈ ಪ್ರಮಾಣ ಶೇ. 54.9 ಇತ್ತು. ಏರಿಕೆ ಆಗಿದೆಯೆಂಬುದು ಸಂತೋಷವೇ. ಆದರೂ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳು ಆರು ತಿಂಗಳಾಗುವ ಮೊದಲೇ ನೀರು, ಮೇಲುಹಾಲು ಅಥವಾ ಮತ್ತೇನನ್ನಾದರೂ ಕುಡಿಯುತ್ತಿದ್ದಾರೆ ಎಂದಾಯಿತು.

ಮೊದಲ ದಿನಗಳ ಲೆಕ್ಕ

ಹುಟ್ಟಿದ ಮೊದಲ ದಿನ ಆರೋಗ್ಯವಂತ ಮಗು ಒಂದು ಸಲಕ್ಕೆ ಕುಡಿಯುವ ಹಾಲು ಸಾಮಾನ್ಯವಾಗಿ ಒಂದೆರಡು ಟೀ ಚಮಚೆಗಳನ್ನು ಮೀರುವುದಿಲ್ಲ. ಮೂರನೆಯ ದಿನದ ಹೊತ್ತಿಗೆ ಅದು 15ರಿಂದ 30 ಮಿಲಿಲೀಟರಿಗೆ ಏರುತ್ತದೆ. ಮೊದಲ ದಿನ ತಾಯಿಯ ಎದೆಯಲ್ಲಿ ಇರುವುದೂ ಸ್ವಲ್ಪವೇ. ಹಳದಿ ಬಣ್ಣದ, ಮಂದವಾದ, ಅಂಟಂಟಾದ ಈ ಮೊದಲ ಹಾಲನ್ನು ವೈದ್ಯರು ಕೊಲೊಸ್ಟ್ರಮ್ ಎನ್ನುತ್ತಾರೆ. ಇದು ಹಸುವಿನ ಗಿಣ್ಣುಹಾಲಿಗೆ ಸಮನಾದುದು. ಹಸುವಿನ ಗಿಣ್ಣನ್ನು ಬೆಲ್ಲ ಹಾಕಿ ಕಾಯಿಸಿ ನೆರೆಮನೆಗೂ ಹಂಚಿ ತಿನ್ನುವ ನಮ್ಮ ಜನ, ಸ್ವಂತ ಮಗುವಿನ ಪಾಲಿನ ಗಿಣ್ಣನ್ನು ಮಾತ್ರ ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವ ವಾಡಿಕೆಯನ್ನು ಹಲವೆಡೆ ಇಟ್ಟುಕೊಂಡಿದ್ದುದು ವಿಚಿತ್ರವೇ ಸರಿ. ರೋಗನಿರೋಧಕ ಅಂಶಗಳೂ ಪ್ರೋಟೀನು ಮತ್ತು 'ಎ' ಜೀವಸತ್ವವೂ ಇದರಲ್ಲಿ ಧಾರಾಳವಾಗಿರುವುದರಿಂದ ಇದನ್ನು ಮಗುವಿನ ಮೊದಲ ಲಸಿಕೆ ಎಂದು ಕರೆಯುವುದುಂಟು. ಪ್ರಮಾಣ ಚಮಚೆಗಳಲ್ಲಿದೆ ಎಂಬುದು ಕೊರತೆಯಲ್ಲ; ಮಗುವಿನ ಜಠರಕ್ಕೆ ಅಷ್ಟೇ ಬೇಕು.

ಎರಡರಿಂದ ಐದನೆಯ ದಿನದೊಳಗೆ ಎದೆ ಬಿಗಿದು ಹಾಲು ಇಳಿಯುತ್ತದೆ. ಚೊಚ್ಚಲ ಹೆರಿಗೆ, ಶಸ್ತ್ರಚಿಕಿತ್ಸೆಯ ಹೆರಿಗೆ, ಮಧುಮೇಹ, ಹೆರಿಗೆಯ ಕಾಲದ ಅತಿಯಾದ ರಕ್ತಸ್ರಾವ ಇವುಗಳಿಂದ ಒಂದೆರಡು ದಿನ ತಡವಾಗುವುದುಂಟು. ಮೇಲೆ ಹೇಳಿದ ಸಮೀಕ್ಷೆಯಲ್ಲಿ ಶೇ. 21.5ರಷ್ಟು ಹೆರಿಗೆಗಳು ಶಸ್ತ್ರಚಿಕಿತ್ಸೆಯಿಂದಾದವು ಎಂಬುದನ್ನು ನೆನೆದರೆ ಈ ತಡದ ಮಾತು ಎಷ್ಟು ಮನೆಗಳಿಗೆ ಅನ್ವಯಿಸುತ್ತದೆಂದು ತಿಳಿಯುತ್ತದೆ. ಹಾಲು ಇಳಿಯುವ ತನಕ ಮಗುವಿನ ತೂಕ ಸ್ವಲ್ಪ ಕಡಿಮೆಯಾಗುವುದು ಸಹಜ. ಮೂರು ಕಿಲೋಗ್ರಾಮಿನ ಮಗು 200 ಗ್ರಾಮಿನಷ್ಟು ಇಳಿದರೆ ಗಾಬರಿ ಬೇಡ. ಇಳಿಕೆಯು ಹುಟ್ಟುತೂಕದ ಹತ್ತನೆಯ ಒಂದು ಭಾಗವನ್ನು ಮುಟ್ಟುತ್ತಿದ್ದರೆ ಮಾತ್ರ ವೈದ್ಯರ ಪರೀಕ್ಷೆ ಅಗತ್ಯ. ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಮಗು ತನ್ನ ಹುಟ್ಟುತೂಕಕ್ಕೆ ಮರಳಬೇಕು.

ಎರಡನೆಯ ರಾತ್ರಿಯ ಬಗ್ಗೆ ಒಂದು ಮಾತು. ಹೆರಿಗೆಯ ಆಯಾಸದಿಂದ ಮೊದಲ ದಿನವೆಲ್ಲ ಮಲಗಿದ್ದ ಅನೇಕ ಮಕ್ಕಳು ಎರಡನೆಯ ರಾತ್ರಿ ಕಣ್ಣು ಬಿಟ್ಟು ಗಂಟೆಗೊಮ್ಮೆ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಬಾರಿ ಎದೆಯನ್ನು ಬೇಡುತ್ತವೆ. ಡಬ್ಬಿಯ ಹಾಲು ಕೊಡುವ ನಿರ್ಧಾರ ಆಗುವುದು ಹೆಚ್ಚಾಗಿ ಈ ರಾತ್ರಿಯೇ. ವಾಸ್ತವದಲ್ಲಿ ಮಗು ಆಗ ಮಾಡುತ್ತಿರುವುದು ಮುಂದಿನ ದಿನಗಳ ಹಾಲಿಗೆ ಬೇಡಿಕೆ ಸಲ್ಲಿಸುವ ಕೆಲಸ.

ಸೇದಿದಷ್ಟೂ ಊರುವ ಬಾವಿ

ಈ ಬೇಡಿಕೆಯ ವಿಚಾರವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಉಳಿದೆಲ್ಲವೂ ಇದರ ಮೇಲೆ ನಿಂತಿದೆ. ಮಗು ಚೀಪಿದಾಗ ಮೊಲೆತೊಟ್ಟಿನ ನರಗಳು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಆಗ ಎರಡು ರಸದೂತಗಳು ರಕ್ತಕ್ಕೆ ಇಳಿಯುತ್ತವೆ. ಅವುಗಳಲ್ಲಿ ಪ್ರೊಲ್ಯಾಕ್ಟಿನ್ ಎಂಬುದು ಹಾಲನ್ನು ತಯಾರಿಸಲು ಪ್ರೇರೇಪಿಸುತ್ತದೆ. ರಾತ್ರಿಯ ಹೊತ್ತು ಇದರ ಸ್ರಾವ ಹೆಚ್ಚು. ಬಾಣಂತಿಗೆ ನಿದ್ರೆ ಸಿಗಲೆಂದು ರಾತ್ರಿಯ ಹಾಲೂಡಿಕೆಯನ್ನು ತಪ್ಪಿಸಿ ಬಾಟಲಿ ಕೊಡುವುದರಿಂದ ನಷ್ಟವೇ ಆಗುವುದು ಈ ಕಾರಣದಿಂದ. ಇನ್ನೊಂದು, ಆಕ್ಸಿಟೋಸಿನ್, ಎದೆಯಲ್ಲಿ ತುಂಬಿರುವ ಹಾಲನ್ನು ನಾಳಗಳಿಂದ ಹೊರಕ್ಕೆ ಒತ್ತುತ್ತದೆ. ಮಗುವನ್ನು ನೋಡಿದಾಗ, ಮುಟ್ಟಿದಾಗ, ಅದರ ದನಿ ಕೇಳಿದಾಗಲೂ ಇದು ಸ್ರವಿಸುತ್ತದೆ. ನೋವು, ಆತಂಕ, ಅವಮಾನ ಇದನ್ನು ತಾತ್ಕಾಲಿಕವಾಗಿ ತಡೆಯುತ್ತವೆ. "ನಿನಗೆ ಹಾಲೇ ಇಲ್ಲ" ಎಂದು ದಿನಕ್ಕೆ ನಾಲ್ಕು ಬಾರಿ ಹೇಳಿಸಿಕೊಳ್ಳುವ ಬಾಣಂತಿಗೆ ಹಾಲು ಇಳಿಯಲು ತಡವಾದರೆ ಅದರ ಹೊಣೆ ಅವಳದಲ್ಲ.

ಎದೆಯಲ್ಲಿ ಹಾಲು ತುಂಬಿಯೇ ಉಳಿದರೆ ಉತ್ಪತ್ತಿ ನಿಧಾನವಾಗುತ್ತದೆ. ಎದೆ ಬರಿದಾದಷ್ಟೂ ಉತ್ಪತ್ತಿ ಚುರುಕಾಗುತ್ತದೆ. ನಮ್ಮ ಊರುಗಳ ಸೇದುವ ಬಾವಿಗೆ ಇದನ್ನು ಹೋಲಿಸಬಹುದು. ಆದ್ದರಿಂದ "ಎದೆ ತುಂಬಿಕೊಳ್ಳಲಿ, ಆಮೇಲೆ ಕೊಡೋಣ" ಎಂದು ಕಾದು ಕೊಡುವುದು ತಲೆಕೆಳಗಾದ ಲೆಕ್ಕ. ಸ್ತನದ ಗಾತ್ರಕ್ಕೂ ಹಾಲಿನ ಪ್ರಮಾಣಕ್ಕೂ ಸಂಬಂಧವಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬಹುದು.

ಒಂದೇ ಹೊತ್ತಿನ ಹಾಲೂಡಿಕೆಯಲ್ಲಿಯೂ ಹಾಲು ಒಂದೇ ಬಗೆಯಾಗಿರುವುದಿಲ್ಲ. ಆರಂಭದಲ್ಲಿ ಬರುವುದು ತೆಳ್ಳಗಿದ್ದು ಬಾಯಾರಿಕೆಯನ್ನು ತಣಿಸುತ್ತದೆ. ಎದೆ ಬರಿದಾಗುತ್ತ ಬಂದಂತೆ ಕೊಬ್ಬಿನ ಅಂಶ ಏರುತ್ತದೆ. ಗಡಿಯಾರ ನೋಡಿ ಐದು ನಿಮಿಷಕ್ಕೆ ಒಂದು ಕಡೆಯಿಂದ ಬಿಡಿಸಿ ಇನ್ನೊಂದು ಕಡೆಗೆ ಹಾಕಿದರೆ ಮಗುವಿನ ಹೊಟ್ಟೆ ತೆಳು ಹಾಲಿನಿಂದ ತುಂಬಿ ಬೇಗ ಮತ್ತೆ ಹಸಿಯಬಹುದು. ಒಂದು ಕಡೆ ಮಗು ತಾನಾಗಿ ಬಿಡುವ ತನಕ ಕುಡಿಯಲಿ. ಅನಂತರ ಇನ್ನೊಂದನ್ನು ನೀಡಬೇಕು, ಬೇಡವೆಂದರೆ ಬಿಡಬೇಕು. ಮುಂದಿನ ಸಲ ಆ ಇನ್ನೊಂದರಿಂದಲೇ ಆರಂಭಿಸಬೇಕು.

ಅಳುವೆಲ್ಲ ಹಸಿವಲ್ಲ

ಹಸಿದ ಮಗು ಮೊದಲು ಅಳುವುದಿಲ್ಲ. ಅದು ತಲೆಯನ್ನು ಅತ್ತಿತ್ತ ಹೊರಳಿಸಿ ಬಾಯಿ ತೆರೆದು ಹುಡುಕುತ್ತದೆ, ನಾಲಿಗೆ ಹೊರಚಾಚುತ್ತದೆ, ಕೈಯನ್ನು ಬಾಯಿಗೆ ತರುತ್ತದೆ. ಇದನ್ನು ಯಾರೂ ಗಮನಿಸದಿದ್ದಾಗ ಅಳು ಆರಂಭವಾಗುತ್ತದೆ. ಅಳುತ್ತಿರುವ ಮಗುವಿಗೆ ಸರಿಯಾಗಿ ಮೊಲೆ ಹಿಡಿಯಲು ಬರುವುದಿಲ್ಲವಾದ್ದರಿಂದ ಮೊದಲು ಎದೆಗೊತ್ತಿಕೊಂಡು ಸಮಾಧಾನಪಡಿಸಬೇಕು. 24 ಗಂಟೆಗಳಲ್ಲಿ ಎಂಟರಿಂದ ಹನ್ನೆರಡು ಬಾರಿ ಹಾಲೂಡಿಸುವುದು ನವಜಾತ ಶಿಶುವಿನ ಮಟ್ಟಿಗೆ ಸಾಮಾನ್ಯ. ಎದೆಹಾಲು ಬೇಗ ಅರಗುತ್ತದೆ. ಒಂದೂವರೆ ಗಂಟೆಗೆ ಮತ್ತೆ ಕೇಳಿದರೆ ಹಿಂದಿನ ಸಲದ ಹಾಲು ಸಾಲಲಿಲ್ಲವೆಂದು ಅರ್ಥವಲ್ಲ.

ಸಂಜೆಯ ಹೊತ್ತು ಅನೇಕ ಮಕ್ಕಳು ಎರಡು ಮೂರು ಗಂಟೆಗಳ ಕಾಲ ಬಿಟ್ಟೂಬಿಡದೆ ಮೊಲೆಗೆ ಅಂಟಿಕೊಂಡಿರುತ್ತವೆ. ಎರಡು ಮೂರು ವಾರಗಳಾದಾಗ ಒಮ್ಮೆ, ಆರು ವಾರಗಳ ಸುಮಾರಿಗೆ ಮತ್ತೊಮ್ಮೆ ಮಗು ಇದ್ದಕ್ಕಿದ್ದಂತೆ ದಿನವೆಲ್ಲ ಹಸಿದಂತೆ ವರ್ತಿಸುವುದೂ ಉಂಟು. ಎರಡು ಮೂರು ದಿನ ಕೇಳಿದಾಗಲೆಲ್ಲ ಕೊಟ್ಟರೆ ಹಾಲು ಹೆಚ್ಚಿ ಮಗು ಶಾಂತವಾಗುತ್ತದೆ. ಇನ್ನು ಹೊಟ್ಟೆಯೊಳಗೆ ಸೇರಿದ ಗಾಳಿ, ಒದ್ದೆಯಾದ ಬಟ್ಟೆ, ಸೆಕೆ, ಚಳಿ, ಅತಿಯಾದ ಗದ್ದಲ ಇವೆಲ್ಲ ಅಳುವಿನ ಕಾರಣಗಳು. ತಾಯಿಯ ಮೈಯ ಬಿಸುಪಿನಿಂದ ತೊಟ್ಟಿಲಿನ ತಂಪಿಗೆ ಇಳಿಸಿದುದೇ ಸಾಕು, ಕೆಲವು ಮಕ್ಕಳು ಎಚ್ಚರಗೊಳ್ಳುತ್ತವೆ. ಒಂಬತ್ತು ತಿಂಗಳು ಒಡಲೊಳಗಿದ್ದ ಜೀವ ಅದನ್ನು ಬಯಸುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇಲ್ಲಿ ಒಂದು ಮನೆಮದ್ದಿನ ಪರೀಕ್ಷೆಯನ್ನು ಕುರಿತು ಹೇಳಬೇಕು. ಮೊಲೆಯುಂಡ ಮಗುವಿಗೆ ಬಾಟಲಿಯಲ್ಲಿ 30 ಮಿಲಿಲೀಟರ್ ಹಾಲು ಕೊಟ್ಟು, ಅದು ಗಟಗಟನೆ ಕುಡಿದುದನ್ನು ತೋರಿಸಿ "ನೋಡಿ, ಹಸಿದಿತ್ತು" ಎನ್ನುತ್ತಾರೆ. ಈ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ನವಜಾತ ಶಿಶುವಿನ ಅಂಗುಳಕ್ಕೆ ಏನು ತಾಗಿದರೂ ಅದು ಚೀಪುತ್ತದೆ. ಬಾಯಿ ತುಂಬಿದರೆ ನುಂಗುತ್ತದೆ. ಇವೆರಡೂ ಇಚ್ಛೆಯ ಕ್ರಿಯೆಗಳಲ್ಲ. ಬಾಟಲಿಯ ಹಾಲು ಚೀಪದಿದ್ದರೂ ತೊಟ್ಟಿಕ್ಕುವುದರಿಂದ ಮಗು ನುಂಗಲೇಬೇಕಾಗುತ್ತದೆ. ಕುಡಿದ ಮೇಲೆ ಮೂರು ಗಂಟೆ ಮಲಗಿತೆಂಬುದೂ ಸಾಕ್ಷ್ಯವಲ್ಲ, ಏಕೆಂದರೆ ಡಬ್ಬಿಯ ಹಾಲು ಅರಗುವುದು ನಿಧಾನ. ಆದರೆ ಆ ಮೂರು ಗಂಟೆಗಳಲ್ಲಿ ಎದೆಯನ್ನು ಬರಿದು ಮಾಡಬೇಕಾಗಿದ್ದ ಒಂದು ಹಾಲೂಡಿಕೆ ತಪ್ಪಿರುತ್ತದೆ. ಎದೆ ಅಷ್ಟರಮಟ್ಟಿಗೆ ಕಡಿಮೆ ಹಾಲು ತಯಾರಿಸುತ್ತದೆ, ಮರುದಿನ ಬಾಟಲಿಯ ಪ್ರಮಾಣ ಏರುತ್ತದೆ. ಹತ್ತು ಹದಿನೈದು ದಿನಗಳಲ್ಲಿ "ತಾಯಿಗೆ ಹಾಲು ಸಾಲುತ್ತಿಲ್ಲ" ಎಂಬ ಮಾತು ನಿಜವಾಗಿಬಿಡುತ್ತದೆ.

ಯಂತ್ರದಿಂದಾಗಲಿ ಕೈಯಿಂದಾಗಲಿ ಹಿಂಡಿ ನೋಡಿ ಸ್ವಲ್ಪವೇ ಬಂತೆಂದು ಕೊರಗುವುದೂ ಹೀಗೆಯೇ ನಿರರ್ಥಕ. ಚೆನ್ನಾಗಿ ಚೀಪುವ ಮಗುವಿನಷ್ಟು ಹಾಲನ್ನು ಯಂತ್ರ ತೆಗೆಯಲಾರದು. ಕೆಲವು ವಾರಗಳ ಅನಂತರ ಎದೆಯ ಬಿಗಿತ ಇಳಿದು ಮೃದುವಾಗುವುದು, ಹಾಲು ತಾನಾಗಿ ಜಿನುಗದಿರುವುದು ಕೂಡ ಬತ್ತಿದ ಲಕ್ಷಣಗಳಲ್ಲ. ಪೂರೈಕೆ ಬೇಡಿಕೆಗೆ ಹೊಂದಿಕೊಂಡಿದೆ, ಅಷ್ಟೆ.

ಸಾಲುತ್ತಿದೆಯೆಂದು ತಿಳಿಯುವುದು ಹೇಗೆ?

ಒಳಗೆ ಹೋದುದನ್ನು ಅಳೆಯಲಾಗದಿದ್ದರೆ ಹೊರಗೆ ಬಂದುದನ್ನು ಎಣಿಸಬೇಕು. ಮೊದಲ ದಿನ ಒಮ್ಮೆ, ಎರಡನೆಯ ದಿನ ಎರಡು ಬಾರಿ, ಹೀಗೆ ಏರುತ್ತ ಬಂದು ಐದಾರನೆಯ ದಿನದಿಂದ 24 ಗಂಟೆಗಳಲ್ಲಿ ಆರು ಬಾರಿಯಾದರೂ ಮಗು ಮೂತ್ರ ಮಾಡಬೇಕು. ಅದು ನೀರಿನಂತೆ ತಿಳಿಯಾಗಿರಬೇಕು. ಹಗಲಿರುಳು ಡೈಪರ್ ಕಟ್ಟಿದರೆ ಈ ಎಣಿಕೆ ತಪ್ಪುತ್ತದೆ. ಮೊದಲ ವಾರದ ಮಟ್ಟಿಗಾದರೂ ಹಳೆಯ ಹತ್ತಿ ಸೀರೆಯ ತುಂಡುಗಳೇ ಮೇಲು. ಕಪ್ಪು ಬಣ್ಣದ ಮೊದಲ ಮಲವು ನಾಲ್ಕೈದನೆಯ ದಿನದ ವೇಳೆಗೆ ಹಳದಿಗೆ ತಿರುಗಿರಬೇಕು. ಐದನೆಯ ದಿನದಲ್ಲೂ ಮಲ ಕಪ್ಪಾಗಿಯೇ ಇದ್ದರೆ, ಮೂತ್ರ ಗಾಢ ಹಳದಿಯಾಗಿದ್ದರೆ ಅಥವಾ ಬಟ್ಟೆಯ ಮೇಲೆ ಇಟ್ಟಿಗೆಯ ಪುಡಿಯಂತಹ ಕಲೆ ಬೀಳುತ್ತಿದ್ದರೆ ಹಾಲು ಒಳಹೋಗುತ್ತಿಲ್ಲವೆಂದು ತಿಳಿಯಬೇಕು.

ಎಲ್ಲಕ್ಕಿಂತ ಖಚಿತವಾದುದು ತೂಕ. ಮೊದಲ ವಾರದ ಅನಂತರ ದಿನಕ್ಕೆ 20ರಿಂದ 30 ಗ್ರಾಮಿನಂತೆ ಏರುತ್ತ ಹೋಗಿ, ತಿಂಗಳಿಗೆ 500 ಗ್ರಾಮಿಗೆ ಕಡಿಮೆಯಿಲ್ಲದಂತೆ ಹೆಚ್ಚಬೇಕು. ಒಂದೇ ತಕ್ಕಡಿಯಲ್ಲಿ, ಬಟ್ಟೆಯಿಲ್ಲದೆ ತೂಗಿಸಿದರೆ ಮಾತ್ರ ಹೋಲಿಕೆಗೆ ಬೆಲೆಯುಂಟು. ಆಸ್ಪತ್ರೆಯಲ್ಲಿ ಕೊಡುವ ತಾಯಿ ಮತ್ತು ಶಿಶು ಸಂರಕ್ಷಣಾ ಕಾರ್ಡಿನಲ್ಲಿ ಪ್ರತಿಸಲದ ತೂಕವನ್ನೂ ದಿನಾಂಕ ಸಹಿತ ಬರೆಸಿಕೊಳ್ಳಬೇಕು. ಪುಣೆಯಲ್ಲಿ ಕಾರ್ಡು ಮರಾಠಿಯಲ್ಲಿದ್ದೀತು, ಚೆನ್ನೈಯಲ್ಲಿ ತಮಿಳಿನಲ್ಲಿದ್ದೀತು. ಬೆಳವಣಿಗೆಯ ರೇಖೆಯನ್ನು ಓದಲು ಭಾಷೆ ಬೇಕಾಗಿಲ್ಲ. ಮೂತ್ರ, ಮಲ, ತೂಕ ಮೂರೂ ಸರಿಯಾಗಿದ್ದು ಮಗು ಅಳುತ್ತಿದ್ದರೆ, ಅಳುವಿನ ಕಾರಣ ಹಾಲಿನ ಕೊರತೆಯಲ್ಲ.

ಮೊಲೆ ಹಿಡಿಯುವ ರೀತಿ

ಮೂರರಲ್ಲಿ ಯಾವುದಾದರೂ ಸರಿಯಿಲ್ಲವೆಂದಿಟ್ಟುಕೊಳ್ಳೋಣ. ಆಗಲೂ ಹೆಚ್ಚಿನ ಸಂದರ್ಭಗಳಲ್ಲಿ ಹಾಲು ಇರುತ್ತದೆ, ಮಗುವಿಗೆ ಅದನ್ನು ತೆಗೆದುಕೊಳ್ಳಲು ಆಗುತ್ತಿರುವುದಿಲ್ಲ. ತೊಟ್ಟಿನ ತುದಿಯನ್ನಷ್ಟೇ ಕಚ್ಚಿಕೊಂಡ ಮಗು ಒಂದು ಗಂಟೆ ಚೀಪಿದರೂ ಅದರ ಹೊಟ್ಟೆ ತುಂಬದು. ತಾಯಿಗೆ ತೊಟ್ಟು ಬಿರಿದು ನೋವೂ ಆಗುತ್ತದೆ. ಹಾಲು ಬರುವುದು ತೊಟ್ಟಿನ ಸುತ್ತಲಿನ ಕಪ್ಪು ವರ್ತುಲದ ಅಡಿಯ ನಾಳಗಳನ್ನು ಮಗುವಿನ ನಾಲಿಗೆ ಒತ್ತಿದಾಗ. ಆದ್ದರಿಂದ ಬಾಯಿ ತುಂಬ ಸ್ತನದ ಭಾಗವೂ ಇರಬೇಕು.

ತಾಯಿ ಬೆನ್ನಿಗೆ ಒರಗು ಕೊಟ್ಟು ಆರಾಮವಾಗಿ ಕುಳಿತು, ಮಗುವಿನ ತಲೆ ಮತ್ತು ಮೈ ಒಂದೇ ನೇರದಲ್ಲಿರುವಂತೆ ಅದನ್ನು ತನ್ನೆಡೆಗೆ ತಿರುಗಿಸಿ ಹೊಟ್ಟೆಗೆ ಹೊಟ್ಟೆ ತಾಗುವಂತೆ ಅಪ್ಪಿಕೊಳ್ಳಬೇಕು. ಕತ್ತನ್ನಷ್ಟೇ ತಿರುಗಿಸಿ ಕುಡಿಯುವಂತಿರಬಾರದು. ನಾವೂ ಪಕ್ಕಕ್ಕೆ ಕತ್ತು ತಿರುಗಿಸಿ ನೀರು ಕುಡಿಯಲಾರೆವಷ್ಟೆ! ತೊಟ್ಟನ್ನು ಮಗುವಿನ ಮೇಲ್ದುಟಿಗೆ ಸೋಕಿಸಿ, ಅದು ಆಕಳಿಸುವಂತೆ ಬಾಯಿ ಅಗಲಿಸಿದಾಗ ಮಗುವನ್ನು ಎದೆಗೆ ತರಬೇಕು. ಎದೆಯನ್ನು ಮಗುವಿನತ್ತ ಬಗ್ಗಿಸುವುದರಿಂದ ಬೆನ್ನುನೋವು ಬರುವುದಷ್ಟೇ ಲಾಭ. ಸರಿಯಾಗಿ ಹಿಡಿದಾಗ ಗಲ್ಲ ಸ್ತನಕ್ಕೆ ತಾಗಿರುತ್ತದೆ, ಕೆಳದುಟಿ ಹೊರಕ್ಕೆ ಮಡಿಚಿರುತ್ತದೆ, ಕಪ್ಪು ವರ್ತುಲ ಬಾಯಿಯ ಕೆಳಗಿಗಿಂತ ಮೇಲೆ ಹೆಚ್ಚು ಕಾಣುತ್ತದೆ, ನೋವಿರುವುದಿಲ್ಲ. ಮೊದಲು ಬೇಗಬೇಗ ಚೀಪಿ, ಹಾಲು ಇಳಿದ ಮೇಲೆ ನಿಧಾನವಾಗಿ ಆಳವಾಗಿ ಚೀಪಿ ನುಂಗುವ ಸದ್ದು ಕೇಳುತ್ತದೆ. ಮಗು ಅರ್ಧಕ್ಕೆ ತೂಕಡಿಸಿದರೆ ಸ್ತನವನ್ನು ಕೈಯಿಂದ ಮೃದುವಾಗಿ ಒತ್ತಿ ಹಿಡಿದು ಹಾಲು ಹರಿಸಬಹುದು, ಅಂಗಾಲನ್ನು ತೀಡಿ ಎಚ್ಚರಿಸಬಹುದು.

ಇದನ್ನು ಓದಿ ಕಲಿಯುವುದಕ್ಕಿಂತ ನೋಡಿ ಕಲಿಯುವುದು ಸುಲಭ. ಹೆರಿಗೆಯಾದ ಆಸ್ಪತ್ರೆಯಿಂದ ಹೊರಡುವ ಮುನ್ನ ದಾದಿಯ ಎದುರಿನಲ್ಲಿ ಒಮ್ಮೆ ಪೂರ್ತಿ ಹಾಲೂಡಿಸಿ ತೋರಿಸಬೇಕು. ಕೇಂದ್ರ ಸರ್ಕಾರವು 2016ರಲ್ಲಿ ಆರಂಭಿಸಿದ 'ಮಾ' ಕಾರ್ಯಕ್ರಮದ ಉದ್ದೇಶಗಳಲ್ಲಿ ಆಸ್ಪತ್ರೆಯ ಸಿಬ್ಬಂದಿಯನ್ನೂ ಆಶಾ ಕಾರ್ಯಕರ್ತೆಯರನ್ನೂ ಈ ಕೆಲಸಕ್ಕೆ ಸಜ್ಜುಗೊಳಿಸುವುದೂ ಒಂದು. ಆಸ್ಪತ್ರೆಯಲ್ಲಿ ಹೆರಿಗೆಯಾದಲ್ಲಿ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಂದು ಮನೆಗೆ ಬಂದು ಮಗುವನ್ನು ನೋಡಿ ತೂಗುವ ವ್ಯವಸ್ಥೆ 2011ರಿಂದ ಇದೆ.

ಪರವೂರಿನ ಬಾಣಂತನ

ಚೊಚ್ಚಲ ಬಾಣಂತನ ತವರಿನಲ್ಲಿ ಎಂಬುದು ನಮ್ಮ ಪದ್ಧತಿ. ಮುಂಬಯಿ, ದೆಹಲಿ, ಹೈದರಾಬಾದುಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಅದು ಈಗ ಎಲ್ಲರಿಗೂ ಸಾಧ್ಯವಾಗುತ್ತಿಲ್ಲ. ಧಾರವಾಡದಿಂದಲೋ ಉಡುಪಿಯಿಂದಲೋ ತಾಯಿ ಬಂದು ತಿಂಗಳೊಪ್ಪತ್ತು ಇದ್ದು ಹೋಗುವುದುಂಟು. ಯಾರೂ ಬರಲಾಗದೆ ಗಂಡ ಹೆಂಡಿರಿಬ್ಬರೇ ಎಲ್ಲವನ್ನೂ ನಿಭಾಯಿಸುವುದೂ ಉಂಟು. ಒಂದೇ ಕೋಣೆಯ ಮನೆಯಲ್ಲಿ ನಡುರಾತ್ರಿ ಮಗು ಅತ್ತರೆ ನೆರೆಯವರ ಗೋಡೆಗೂ ಕೇಳಿಸುತ್ತದೆ ಎಂಬ ಸಂಕೋಚವೇ ಎಷ್ಟೋ ಮನೆಗಳಲ್ಲಿ ಬಾಟಲಿಗೆ ದಾರಿ ಮಾಡಿದೆ. ಇಂತಹ ಮನೆಗಳಲ್ಲಿ ಗಂಡನ ಪಾತ್ರ ದೊಡ್ಡದು. ಮಗುವನ್ನು ತೇಗಿಸುವುದು, ಬಟ್ಟೆ ಬದಲಿಸುವುದು, ಎದೆಗವಚಿಕೊಂಡು ಅಡ್ಡಾಡುವುದು, ಅಡಿಗೆ, ಎಲ್ಲವೂ ಅವನಿಂದ ಆಗುವ ಕೆಲಸಗಳೇ.

ಹಿರಿಯರ ತಿಳಿವಳಿಕೆಯಲ್ಲಿ ಉಳಿಸಿಕೊಳ್ಳತಕ್ಕದ್ದು ಬಹಳವಿದೆ. ಬಾಣಂತಿಗೆ ವಿಶ್ರಾಂತಿ, ಎಣ್ಣೆನೀರು, ಮಗುವನ್ನು ಸದಾ ತಾಯಿಯ ಮಗ್ಗುಲಲ್ಲೇ ಮಲಗಿಸುವ ಪದ್ಧತಿ ಇವೆಲ್ಲ ಹಾಲಿಗೆ ಅನುಕೂಲವೇ. ಅಂಟಿನುಂಡೆ, ಅಳ್ವಿ ಪಾಯಸ, ಮೆಂತ್ಯ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಹಾಲು ಹೆಚ್ಚಿಸುತ್ತವೆಂಬ ನಂಬಿಕೆಗೆ ಗಟ್ಟಿಯಾದ ಪುರಾವೆ ಇಲ್ಲದಿದ್ದರೂ ಅವು ಊಟದ ಅಂಗವಾಗಿ ಒಳ್ಳೆಯವೇ. ಹಿತಮಿತವಾಗಿ ತಿನ್ನಲು ಅಡ್ಡಿಯಿಲ್ಲ. ಆದರೆ ಮಗುವಿಗೆ ಶೀತವಾಗುತ್ತದೆಂದು ಬಾಣಂತಿಗೆ ನೀರು ಕೊಡದಿರುವುದು, ಅನ್ನ ಸಾರಿನ ಹೊರತು ಬೇರೇನೂ ಬಡಿಸದ ಬಿಗಿ ಪಥ್ಯ ಮಾಡಿಸುವುದು ಸಲ್ಲದು. ಹಾಲೂಡಿಸುವ ಮೊದಲ ಆರು ತಿಂಗಳು ತಾಯಿಗೆ ದಿನಕ್ಕೆ ಸುಮಾರು 600 ಕಿಲೋಕ್ಯಾಲರಿ ಹೆಚ್ಚಿನ ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ನಿಗದಿಪಡಿಸಿದೆ. ಎರಡು ಜೋಳದ ರೊಟ್ಟಿ, ಬೇಳೆ, ಸೊಪ್ಪಿನ ಪಲ್ಯ, ಒಂದು ಲೋಟ ಹಾಲು ಸೇರಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಬಾಯಾರಿದಾಗಲೆಲ್ಲ ನೀರು ಕುಡಿಯಬೇಕು.

ಮಗುವಿಗೆ ಮಾತ್ರ ಆರು ತಿಂಗಳ ತನಕ ನೀರೂ ಬೇಡ. ಎದೆಹಾಲಿನಲ್ಲಿ ಶೇ. 88ರಷ್ಟು ನೀರೇ ಇರುವುದರಿಂದ ದೆಹಲಿಯ ಮೇ ತಿಂಗಳ ಬಿಸಿಲಿನಲ್ಲಿಯೂ ಅದು ಸಾಲುತ್ತದೆ. ಸಕ್ಕರೆ ನೀರು, ಗ್ರೈಪ್ ವಾಟರ್, ತೇಯ್ದ ಬಜೆ ಇವು ಪುಟ್ಟ ಹೊಟ್ಟೆಯಲ್ಲಿ ಹಾಲಿನ ಜಾಗವನ್ನು ಆಕ್ರಮಿಸುವುದಲ್ಲದೆ ಸೋಂಕನ್ನೂ ತರುತ್ತವೆ. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವ ತನಕ ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣುವಿನ ವಿಷದಿಂದ ಶಿಶುವಿನ ಸ್ನಾಯುಗಳು ಸೋತು ಉಸಿರಾಟಕ್ಕೇ ಅಪಾಯ ಬರಬಹುದು.

ಮೇಲುಹಾಲು ನಿಜವಾಗಿ ಬೇಕಾದಾಗ

ಕೆಲವು ತಾಯಂದಿರಲ್ಲಿ ಹಾಲು ನಿಜವಾಗಿಯೇ ಕಡಿಮೆಯಿರುತ್ತದೆ. ಥೈರಾಯ್ಡ್ ದೋಷ, ಗರ್ಭಕೋಶದಲ್ಲಿ ಉಳಿದ ಮಾಸಿನ ಚೂರು, ಹಿಂದೆ ಆದ ಸ್ತನದ ಶಸ್ತ್ರಚಿಕಿತ್ಸೆ, ಅತಿಯಾದ ರಕ್ತಸ್ರಾವ ಇವು ಕಾರಣಗಳಾಗಿರಬಹುದು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಗಳಿಂದಲೂ ಹಾಲು ತಗ್ಗುತ್ತದೆ. ಅವಧಿಗೆ ಮುನ್ನ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ಮಗುವಿಗೆ, ಸೀಳಂಗುಳವಿರುವ ಮಗುವಿಗೆ, ನಾಲಿಗೆಯ ಅಡಿಯ ಬಂಧ ಗಿಡ್ಡವಾಗಿರುವ ಮಗುವಿಗೆ ಚೀಪುವ ಶಕ್ತಿಯೇ ಸಾಲದಿರಬಹುದು. ಇವುಗಳಲ್ಲಿ ಹಲವಕ್ಕೆ ಚಿಕಿತ್ಸೆಯುಂಟು. ಅಲ್ಲಿಯವರೆಗೆ ಮಗು ಹಸಿದಿರಬಾರದು. ಇಂತಹ ಸಂದರ್ಭದಲ್ಲಿ ವೈದ್ಯರು ಮೇಲುಹಾಲು ಹೇಳಿದರೆ ತಾಯಿ ತಪ್ಪಿತಸ್ಥಳಂತೆ ಕುಗ್ಗಬೇಕಾಗಿಲ್ಲ.

ಮೊದಲ ಆಯ್ಕೆ ತಾಯಿಯೇ ಹಿಂಡಿ ತೆಗೆದ ಹಾಲು. ಕೈ ತೊಳೆದು, ಕುದಿಸಿದ ಪಾತ್ರೆಗೆ ಹಿಂಡಿಟ್ಟ ಹಾಲನ್ನು ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ಒಂದು ದಿನ ಇರಿಸಿ ಬಳಸಬಹುದು. ಎರಡನೆಯದು ದಾನಿ ತಾಯಂದಿರ ಹಾಲು. ಏಷ್ಯಾದಲ್ಲಿಯೇ ಮೊದಲನೆಯದಾದ ತಾಯಿಹಾಲಿನ ಬ್ಯಾಂಕನ್ನು 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಸ್ಥಾಪಿಸಿದರು. ದೇಶದ ಇತರ ಆಸ್ಪತ್ರೆಗಳಲ್ಲಿಯೂ ಇಂತಹ ಕೇಂದ್ರಗಳನ್ನು ನಡೆಸಲು ಕೇಂದ್ರ ಆರೋಗ್ಯ ಸಚಿವಾಲಯವು 2017ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು. ಪರೀಕ್ಷಿಸಿ ಪಾಶ್ಚರೀಕರಿಸಿದ ಈ ಹಾಲು ಮುಖ್ಯವಾಗಿ ಕಾಯಿಲೆ ಬಿದ್ದ, ತೂಕ ಕಡಿಮೆಯ ಮಕ್ಕಳಿಗಾಗಿ ಮೀಸಲು. ಇವೆರಡೂ ಸಿಗದಾಗ ಡಬ್ಬಿಯ ಹಾಲು, ಅದೂ ವೈದ್ಯರು ಬರೆದುಕೊಟ್ಟ ಪ್ರಮಾಣದಲ್ಲಿ. ಕುದಿಸಿದ ನೀರು ಇನ್ನೂ ಚೆನ್ನಾಗಿ ಬಿಸಿಯಿರುವಾಗಲೇ ಪುಡಿಯನ್ನು ಕಲಸಿ, ಉಗುರು ಬೆಚ್ಚಗೆ ಆರಿಸಿ ಕೊಡಬೇಕು. ಡಬ್ಬಿ ಹೆಚ್ಚು ದಿನ ಬರಲೆಂದು ನೀರು ಹೆಚ್ಚಿಸಿ ತೆಳ್ಳಗೆ ಮಾಡಿದರೆ ಮಗು ಹೊಟ್ಟೆ ತುಂಬಿಯೂ ಸೊರಗುತ್ತದೆ.

ಯಾವ ಹಾಲೇ ಆಗಲಿ, ಬಾಟಲಿ ಬೇಡ. ನಮ್ಮ ಅಜ್ಜಿಯರು ಬಳಸುತ್ತಿದ್ದ ಒಳಲೆ ಅದಕ್ಕಿಂತ ಎಷ್ಟೋ ಮೇಲು. ತಮಿಳರು ಪಾಲಾಡೈ ಎನ್ನುವ ಈ ಮೂತಿಯುಳ್ಳ ಪುಟ್ಟ ಬಟ್ಟಲನ್ನು ಇಂದು ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಲ್ಲಿಯೂ ಬಳಸುತ್ತಾರೆ. ತೊಳೆದು ಕುದಿಸುವುದು ಸುಲಭ, ಮಗುವಿಗೆ ಮೊಲೆ ಹಿಡಿಯುವ ಅಭ್ಯಾಸವೂ ಕೆಡುವುದಿಲ್ಲ. ಪ್ರತಿಸಲ ಮೊದಲು ಮೊಲೆಯುಣಿಸಿ ಅನಂತರ ಒಳಲೆಯಲ್ಲಿ ಕೊಟ್ಟರೆ ಎದೆಯ ಬೇಡಿಕೆ ನಿಲ್ಲುವುದಿಲ್ಲ. ತೂಕ ಏರಿದಂತೆ ವೈದ್ಯರ ಸಲಹೆಯ ಮೇರೆಗೆ ಮೇಲುಹಾಲನ್ನು ತಗ್ಗಿಸುತ್ತ ಬರಬಹುದು.

ಡಬ್ಬಿಯ ಹಾಲಿನ ಮಾರಾಟದ ಮೇಲೆ ಕಾನೂನಿನ ಹಿಡಿತವಿದೆಯೆಂಬುದು ತಿಳಿದಿರಲಿ. 1992ರಲ್ಲಿ ಅಂಗೀಕೃತವಾಗಿ 1993ರ ಆಗಸ್ಟ್ 1ರಂದು ಜಾರಿಗೆ ಬಂದು, 2003ರಲ್ಲಿ ಇನ್ನಷ್ಟು ಬಿಗಿಯಾದ ಶಿಶುಹಾಲು ಬದಲಿಗಳ ಕಾಯಿದೆಯು ಇಂತಹ ಹಾಲು, ಬಾಟಲಿ ಮತ್ತು ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತನ್ನೂ ತಾಯಂದಿರಿಗೆ ಉಚಿತ ಮಾದರಿ ಹಂಚುವುದನ್ನೂ ನಿಷೇಧಿಸಿದೆ. ಹಾಲಿನ ಡಬ್ಬಿಯ ಮೇಲೆ ಮಗುವಿನ ಚಿತ್ರ ಇರುವಂತಿಲ್ಲ. ಆಸ್ಪತ್ರೆಯಲ್ಲಿ ಯಾರಾದರೂ ಕಾಣಿಕೆಯಂತೆ ಡಬ್ಬಿಯೊಂದನ್ನು ಕೈಗಿತ್ತರೆ ಅದು ಕಾನೂನಿಗೆ ವಿರುದ್ಧ.

ಅಳದ ಮಗು

ಅಳುವ ಮಗುವಿಗಿಂತ ಹೆಚ್ಚಾಗಿ ಅಂಜಬೇಕಾದುದು ಅಳುವನ್ನೇ ನಿಲ್ಲಿಸಿದ ಮಗುವಿಗೆ. ಹಾಲು ಸಾಲದೆ ನಿರ್ಜಲತೆಗೆ ಸಿಕ್ಕಿದ ಶಿಶು ಕ್ರಮೇಣ ನಿಸ್ತೇಜವಾಗಿ, ಹಾಲಿಗೂ ಏಳದೆ, ಗಂಟೆಗಟ್ಟಲೆ ಮಲಗಿರುತ್ತದೆ. "ಎಷ್ಟು ಒಳ್ಳೆಯ ಮಗು, ಗದ್ದಲವೇ ಇಲ್ಲ" ಎಂದು ಮನೆಯವರು ಮೆಚ್ಚಿಕೊಳ್ಳುತ್ತಿರುವಾಗಲೇ ಅನಾಹುತ ನಡೆದಿರುತ್ತದೆ. ಮೊದಲ ವಾರಗಳಲ್ಲಿ, ಹುಟ್ಟುತೂಕಕ್ಕೆ ಮರಳುವ ತನಕ, ಹಗಲಾಗಲಿ ರಾತ್ರಿಯಾಗಲಿ ಮಗು ಮೂರು ಗಂಟೆಗಿಂತ ಹೆಚ್ಚು ಮಲಗಿದರೆ ಎಬ್ಬಿಸಿ ಹಾಲೂಡಿಸಬೇಕು. ಮಗು ಎಬ್ಬಿಸಿದರೂ ಕುಡಿಯದಿದ್ದರೆ, ಮುಟ್ಟಿದರಷ್ಟೇ ಕೈಕಾಲು ಆಡಿಸಿದರೆ, ಮೈ ಬಿಸಿಯಾಗಿ ಅಥವಾ ತಣ್ಣಗಾಗಿ ಇದ್ದರೆ, ನಿಮಿಷಕ್ಕೆ 60 ಅಥವಾ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ, ಉಸಿರೆಳೆದಾಗ ಎದೆ ಒಳಕ್ಕೆ ಸೆಳೆಯುತ್ತಿದ್ದರೆ, ಸೆಳವು ಬಂದರೆ, ಎಂಟು ಗಂಟೆಗಳಿಂದ ಮೂತ್ರ ಆಗದಿದ್ದರೆ, ಕಾಮಾಲೆಯ ಹಳದಿ ಹುಟ್ಟಿದ ಮೊದಲ 24 ಗಂಟೆಗಳಲ್ಲಿ ಕಾಣಿಸಿಕೊಂಡರೆ ಅಥವಾ ಅಂಗೈ ಅಂಗಾಲುಗಳಿಗೆ ಇಳಿದರೆ ಬೆಳಗಾಗಲೆಂದು ಕಾಯಬಾರದು.

ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಯಿಲೆ ಬಿದ್ದ ನವಜಾತ ಶಿಶುವಿನ ಪರೀಕ್ಷೆ, ಔಷಧ, ಚಿಕಿತ್ಸೆ ಹಾಗೂ ಸಾಗಾಣಿಕೆ 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಅಡಿಯಲ್ಲಿ ಉಚಿತ. 108 ಅಥವಾ 102ಕ್ಕೆ ಕರೆ ಮಾಡಿದರೆ ವಾಹನ ಬರುತ್ತದೆ. ಮಗುವಿನೊಂದಿಗೆ ತಾಯಿಯೂ ಹೋಗಬೇಕು; ತೂಕ ಬರೆಸಿದ ಕಾರ್ಡನ್ನು ಜೊತೆಯಲ್ಲಿ ಒಯ್ಯಬೇಕು. ದಾರಿಯಲ್ಲಿ ಮಗುವನ್ನು ಬಟ್ಟೆಯೊಳಗೆ ತಾಯಿಯ ಬರಿಯ ಎದೆಗೆ ತಾಗುವಂತೆ ಇಟ್ಟುಕೊಂಡು ಬೆಚ್ಚಗಿರಿಸಿ, ಅದು ನುಂಗುತ್ತಿರುವಷ್ಟು ಹೊತ್ತೂ ಹಾಲೂಡಿಸುತ್ತಿರಬೇಕು.